ಯಾರಪ್ಪಾ ನೀನು, ಯಾವೂರು?

ಹಾರ್ಡ್ ಡಿಸ್ಕಿನ ಪುಟ್ಟ ಬಿಳಿ ದೀಪ ಉರಿಯುತ್ತಿತ್ತು. ಕಿವಿಯ ಹತ್ತಿರ ಹಿಡಿದರೆ ಒಳಗಿನ ತಟ್ಟೆ ತಿರುಗುವ ಸಣ್ಣ ಗುಂಯ್ ಸದ್ದೂ ಕೇಳುತ್ತಿತ್ತು. ಲ್ಯಾಪ್‌ಟಾಪ್ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಕೂತಿತ್ತು. ಏನಾದರೂ ಸಿಕ್ಕಿಸಿದಾಗ ಬರುವ ‘ಟಿಣ್‌ಟುಣ್’ ಇಲ್ಲ, ತೆರೆಯ ಮೂಲೆಯಲ್ಲಿ ಸೂಚನೆ ಇಲ್ಲ, ಕನಿಷ್ಠ ಒಂದು ಬೈಗುಳವೂ ಇಲ್ಲ.

ಆ ಡಿಸ್ಕಿನಲ್ಲಿದ್ದದ್ದು ಅಪ್ಪ ಅರ್ಥ ಹೇಳಿದ ತಾಳಮದ್ದಲೆಗಳು. ಒಂದು ಮಳೆಗಾಲ ಪೂರ್ತಿ ಕೂತು ಕ್ಯಾಸೆಟ್ಟುಗಳಿಂದ ಇಳಿಸಿಕೊಂಡಿದ್ದೆ. ಇಳಿಸಿದ ಮೇಲೆ, ಬೂಷ್ಟು ಹಿಡಿದ ಕ್ಯಾಸೆಟ್ಟು ಇನ್ನೇಕೆ ಎಂದು ಗುಜರಿಗೆ ಹಾಕಿದ ಜಾಣನೂ ನಾನೇ.

ಇಂಥ ಹೊತ್ತಿನಲ್ಲಿ ಊರೆಲ್ಲ ವೈದ್ಯರೇ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದರು ಒಬ್ಬರು. ಒಂದು ರಾತ್ರಿ ಫ್ರಿಜ್ಜಿನಲ್ಲಿಡು ಎಂದರು ಇನ್ನೊಬ್ಬರು. ಎರಡನ್ನೂ ಮಾಡಲಿಲ್ಲ. ಬದಲಿಗೆ ಒಂದು ಪ್ರಶ್ನೆ ಹಿಡಿದು ಕೂತೆ: ಕಂಪ್ಯೂಟರ್ ಒಂದು ಡಿಸ್ಕನ್ನು ‘ಗುರುತಿಸುವುದು’ ಎಂದರೆ ನಿಜಕ್ಕೂ ಏನು? ಆ ಗುರುತಿಸುವ ವಿದ್ಯೆಯನ್ನು ಅದಕ್ಕೆ ಕಲಿಸಿದವರು ಯಾರು? ಉತ್ತರ ಹುಡುಕುತ್ತ ಹೋದರೆ ಅಪ್ಪನ ತಾಳಮದ್ದಲೆ ಸಿಕ್ಕಿತು. ಜೊತೆಗೆ ಯುಎಸ್‌ಬಿ ಹುಟ್ಟಿದ ಕತೆಯೂ ಸಿಕ್ಕಿತು. ಎರಡನ್ನೂ ಒಟ್ಟಿಗೇ ಹೇಳುತ್ತೇನೆ. ಯಾಕೆಂದರೆ ಒಂದರ ಬೀಗದ ಕೈ ಇನ್ನೊಂದರಲ್ಲಿದೆ.

ಪರಿಚಯ ಮಾಡಿಸುವ ಕೆಲಸ ನಮ್ಮದಾಗಿದ್ದ ಕಾಲ

1990ರ ದಶಕದ ಮೊದಲ ವರ್ಷಗಳ ಪಿಸಿಯನ್ನು ಬಳಸಿದವರಿಗೆ ಅದರ ಬೆನ್ನು ನೆನಪಿರಬೇಕು. ಕೀಬೋರ್ಡಿಗೆ ದುಂಡನೆಯ ತೂತು, ಮೌಸಿಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್, ಪ್ರಿಂಟರಿಗೆ ಇಪ್ಪತ್ತೈದು ತೂತಿನ ಪ್ಯಾರಲಲ್ ಪೋರ್ಟ್, ಜಾಯ್‌ಸ್ಟಿಕ್ಕಿಗೆ ಮತ್ತೊಂದು. ಒಂದರ ಕೇಬಲ್ ಇನ್ನೊಂದಕ್ಕೆ ಆಗದು. ಸಿಕ್ಕಿಸಿದ ಮೇಲೆ ಎರಡೂ ಬದಿಯ ತಿರುಪು ಬಿಗಿಯಬೇಕು, ಆಮೇಲೆ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು.

ಸ್ಕ್ಯಾನರಿನಂಥ ಹೊಸ ನೆಂಟ ಬಂದರಂತೂ ಪೆಟ್ಟಿಗೆಯನ್ನೇ ಬಿಚ್ಚಿ ಒಳಗೊಂದು ಕಾರ್ಡ್ ಕೂರಿಸಿ, ಅದರ ಮೇಲಿನ ಸಾಸಿವೆ ಗಾತ್ರದ ಜಂಪರುಗಳನ್ನು ಚಿಮಟದಿಂದ ಸರಿಸಿ, ‘ಐಆರ್‌ಕ್ಯೂ’ ಎಂಬ ಸಂಖ್ಯೆಯೊಂದನ್ನು ಗೊತ್ತು ಮಾಡಬೇಕಿತ್ತು. ಎರಡು ಕಾರ್ಡುಗಳಿಗೆ ಒಂದೇ ಸಂಖ್ಯೆ ಬಿದ್ದರೆ ಎರಡೂ ಮುಷ್ಕರ ಹೂಡುತ್ತಿದ್ದವು. ಮನೆಗೆ ಬಂದವರನ್ನು ಯಂತ್ರ ಮಾತಾಡಿಸುತ್ತಲೇ ಇರಲಿಲ್ಲ. ಇವರು ಇಂಥವರು, ಇವರನ್ನು ಇಂಥ ಕಡೆ ಕೂರಿಸು ಎಂದು ನಾವೇ ಹೇಳಬೇಕಿತ್ತು.

ಗೋಡೆಯ ಪ್ಲಗ್ಗಿನಷ್ಟು ಸಲೀಸು

ಈ ಕಿರಿಕಿರಿಯನ್ನು ಮನೆಯಲ್ಲೇ ನೋಡಿದ ಎಂಜಿನಿಯರ್ ಒಬ್ಬರಿದ್ದರು. ಹೆಸರು ಅಜಯ್ ಭಟ್. ಹೆಸರು ಕೇಳಿ ನಮ್ಮ ಕರಾವಳಿಯವರು ಎಂದುಕೊಳ್ಳಬೇಡಿ, ಅವರು ಗುಜರಾತಿನವರು. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿ, ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು, 1990ರಲ್ಲಿ ಇಂಟೆಲ್ ಸೇರಿದವರು. ಮನೆಯಲ್ಲಿ ಹೆಂಡತಿ ಮಗಳು ಪ್ರಿಂಟರಿನ ಜೊತೆ ಒದ್ದಾಡುವುದನ್ನು ಕಂಡು ಈ ಯೋಚನೆ ಮೊಳೆಯಿತು ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಇಸ್ತ್ರಿ ಪೆಟ್ಟಿಗೆಯನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುವಾಗ ಯಾರೂ ಕೈಪಿಡಿ ಓದುವುದಿಲ್ಲ. ಕಂಪ್ಯೂಟರಿಗೆ ಏನನ್ನಾದರೂ ಸೇರಿಸುವುದೂ ಅಷ್ಟೇ ಸಲೀಸಾಗಬಾರದೇಕೆ ಎಂಬುದು ಅವರ ಹಟ.

ಯೋಚನೆ ಎಲ್ಲರಿಗೂ ಒಮ್ಮೆಗೇ ರುಚಿಸಲಿಲ್ಲ. ಆದರೆ ಬಾಲಾ ಕಡಂಬಿಯಂಥ ಸಹೋದ್ಯೋಗಿಗಳು ಜೊತೆಗೂಡಿದರು, ಹೊರಗಿನ ಕಂಪನಿಗಳೂ ಒಂದೊಂದಾಗಿ ಬಂದವು. 1994ರ ಹೊತ್ತಿಗೆ ಕಾಂಪ್ಯಾಕ್, ಡಿಇಸಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್, ಎನ್‌ಇಸಿ, ನಾರ್ಟೆಲ್ ಹೀಗೆ ಏಳು ಕಂಪನಿಗಳು ಒಂದೇ ಮೇಜಿನ ಸುತ್ತ ಕೂತವು. ಮಾರುಕಟ್ಟೆಯಲ್ಲಿ ಪರಸ್ಪರ ಪೈಪೋಟಿಯಿದ್ದವರೂ ಅದರಲ್ಲಿದ್ದರು. 1995ರಲ್ಲಿ ಇಂಟೆಲ್ ಮೊದಲ ಚಿಪ್ಪುಗಳನ್ನು ಮಾಡಿತು. 1996ರ ಜನವರಿಯಲ್ಲಿ ‘ಯೂನಿವರ್ಸಲ್ ಸೀರಿಯಲ್ ಬಸ್’ ನಿಯಮಾವಳಿಯ 1.0 ಆವೃತ್ತಿ ಹೊರಬಂತು. ಯಾರು ಬೇಕಾದರೂ ರಾಯಲ್ಟಿ ಕೊಡದೆ ಬಳಸಬಹುದು ಎಂದು ಅದನ್ನು ಮುಕ್ತವಾಗಿ ಬಿಟ್ಟುಕೊಟ್ಟದ್ದು ಇನ್ನೊಂದು ಜಾಣತನ. ಇಂದು ನಮ್ಮ ಸಾಕೆಟ್ಟುಗಳಲ್ಲಿ ಯುಎಸ್‌ಬಿ ತುಂಬಿರಲು ಅದೂ ಒಂದು ಕಾರಣ.

ಆ ಮೇಜಿನ ಮೇಲೆ ಕೆಲವು ದಿಟ್ಟ ತೀರ್ಮಾನಗಳಾದವು. ಇಂದು ಡಿಸ್ಕ್ ಗುರುತು ಸಿಗದೆ ನಾವು ಪರದಾಡುವ ಹೊತ್ತಿನ ಒಂದೊಂದು ಲಕ್ಷಣವೂ ಅವುಗಳಲ್ಲಿ ಯಾವುದೋ ಒಂದರತ್ತ ಬೆರಳು ತೋರುತ್ತದೆ.

ಅನ್ನವೂ ಮಾತೂ ಒಂದೇ ಹಗ್ಗದಲ್ಲಿ

ಮೊದಲ ತೀರ್ಮಾನ: ಕೇಬಲಿನಲ್ಲಿ ನಾಲ್ಕೇ ತಂತಿ. ಕೆಂಪು ಮತ್ತು ಕಪ್ಪು 5 ವೋಲ್ಟ್ ವಿದ್ಯುತ್ತಿಗೆ, ಹಸಿರು ಮತ್ತು ಬಿಳಿ ಮಾಹಿತಿಗೆ. ಮೌಸಿಗೊಂದು, ಸ್ಕ್ಯಾನರಿಗೊಂದು ಬೇರೆ ಅಡಾಪ್ಟರ್ ಬೇಡ, ಅನ್ನವೂ ಮಾತೂ ಒಂದೇ ಹಗ್ಗದಲ್ಲಿ ಹೋಗಲಿ ಎಂಬುದು ಲೆಕ್ಕ. ಹಳೆಯ ಯುಎಸ್‌ಬಿ ಪ್ಲಗ್ಗಿನ ಒಳಗೆ ಇಣುಕಿ ನೋಡಿ: ಅಂಚಿನ ಎರಡು ಚಿನ್ನದ ಪಟ್ಟಿಗಳು ನಡುವಿನ ಎರಡಕ್ಕಿಂತ ತುಸು ಉದ್ದ. ಅಂಚಿನವು ವಿದ್ಯುತ್ತಿನವು. ಸಿಕ್ಕಿಸುವಾಗ ಮೊದಲು ವಿದ್ಯುತ್ ತಾಗುತ್ತದೆ, ಆಮೇಲೆ ಮಾಹಿತಿ. ಕೀಳುವಾಗ ಮೊದಲು ಮಾತು ನಿಲ್ಲುತ್ತದೆ, ಆಮೇಲೆ ವಿದ್ಯುತ್. ಯಂತ್ರ ನಡೆಯುತ್ತಿರುವಾಗಲೇ ಸಿಕ್ಕಿಸಿ ಕೀಳಲು ಸಾಧ್ಯವಾದದ್ದರಲ್ಲಿ ಒಂದು ಮಿಲಿಮೀಟರಿನ ಈ ಅಂತರದ ಪಾಲೂ ಇದೆ.

ಆದರೆ ಅನ್ನ ಅಳೆದು ಬಡಿಸಬೇಕಲ್ಲ? ಪರಿಚಯ ಮುಗಿಯುವ ತನಕ 100 ಮಿಲಿಆಂಪಿಯರ್, ಮುಗಿದ ಮೇಲೆ ಕೇಳಿದರೆ 500ರವರೆಗೆ ಎಂದು ನಿಯಮವಾಯಿತು. 2008ರ ನವೆಂಬರಿನಲ್ಲಿ ಬಂದ ಯುಎಸ್‌ಬಿ 3.0 ಇದನ್ನು 150 ಮತ್ತು 900ಕ್ಕೆ ಏರಿಸಿತು. ಇಲಿ ಗಾತ್ರದ ಮೌಸಿಗೆ ಇದು ಹಬ್ಬದೂಟ. ತಟ್ಟೆ ತಿರುಗಿಸುವ ಎರಡೂವರೆ ಇಂಚಿನ ಹಾರ್ಡ್ ಡಿಸ್ಕಿಗೆ ಮಾತ್ರ ಅರೆಹೊಟ್ಟೆ. ನಿಂತ ತಟ್ಟೆಯನ್ನು ಮೊದಲ ಬಾರಿ ತಿರುಗಿಸುವ ಆ ಒಂದೆರಡು ಸೆಕೆಂಡು ಅದು ಸುಮಾರು ಒಂದು ಆಂಪಿಯರ್ ತನಕ ಎಳೆಯುತ್ತದೆ. ದೀಪ ಮಿಣುಕಿ, ತಟ್ಟೆ ತಿರುಗಲು ಹೊರಟು, ಮತ್ತೆ ನಿಂತು, ಮತ್ತೆ ಹೊರಟು ಒದ್ದಾಡುತ್ತಿದ್ದರೆ ಅದು ಹಸಿವು. ಹಿಂದೊಮ್ಮೆ ಎರಡು ಪೋರ್ಟುಗಳಿಂದ ವಿದ್ಯುತ್ ಎಳೆಯುವ ಎರಡು ತಲೆಯ ಕೇಬಲುಗಳು ಬರುತ್ತಿದ್ದದ್ದು ಈ ಹಸಿವಿಗೇ. ಇಂಥ ಡಿಸ್ಕನ್ನು, ಒಂದು ಪೋರ್ಟನ್ನು ಹಲವಾಗಿಸುವ ‘ಹಬ್’ನಿಂದ ಬಿಡಿಸಿ ನೇರ ಲ್ಯಾಪ್‌ಟಾಪಿಗೆ ಹಾಕಬೇಕು, ಇಲ್ಲವೇ ಸ್ವಂತ ಅಡಾಪ್ಟರ್ ಇರುವ ಹಬ್ಬಿಗೆ.

ನನ್ನ ಡಿಸ್ಕ್ ಹಸಿದಿರಲಿಲ್ಲ. ದೀಪ ಸ್ಥಿರವಾಗಿತ್ತು, ತಟ್ಟೆ ಒಂದೇ ಲಯದಲ್ಲಿ ತಿರುಗುತ್ತಿತ್ತು.

ಕೈ ಎತ್ತಿದವರನ್ನು ಮಾತಾಡಿಸುವ ಯಜಮಾನ

ಎರಡನೆಯ ತೀರ್ಮಾನವೇ ಈ ಆವಿಷ್ಕಾರದ ತಿರುಳು: ಮಾತಾಡುವ ಹಕ್ಕು ಕಂಪ್ಯೂಟರಿನದು, ಸಾಧನ ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕು. ಹೀಗೆ ಮಾಡಿದ್ದರಿಂದ ಸಾಧನದೊಳಗೆ ಬುದ್ಧಿ ಕಡಿಮೆ ಸಾಕಾಯಿತು, ಬೆಲೆ ಇಳಿಯಿತು. ಆದರೆ ತಾನಾಗಿ ಬಾಯಿಬಿಡದವನು ತಾನು ಬಂದದ್ದನ್ನಾದರೂ ತಿಳಿಸುವುದು ಹೇಗೆ?

ಅದಕ್ಕೆ ಅವರು ಕಂಡುಕೊಂಡ ಉಪಾಯ ಕೆಲವು ಪೈಸೆಯದು. ಸಾಧನದೊಳಗೆ 1.5 ಕಿಲೋಓಮಿನ ಒಂದು ರೆಸಿಸ್ಟರ್ ಇಟ್ಟರು. ಸಿಕ್ಕಿಸಿದೊಡನೆ ಅದು ಎರಡು ಮಾಹಿತಿ ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಮೇಲಕ್ಕೆ ಎಳೆಯುತ್ತದೆ. ತರಗತಿಯಲ್ಲಿ ಹುಡುಗ ಕೈ ಎತ್ತಿದಂತೆ, ಅಷ್ಟೇ. ಯಾವ ತಂತಿ ಮೇಲೆದ್ದಿತು ಎಂಬುದರಿಂದಲೇ ಬಂದವನ ವೇಗವೂ ತಿಳಿಯುತ್ತದೆ. ‘ಡಿ ಮೈನಸ್’ ಎದ್ದರೆ ಸೆಕೆಂಡಿಗೆ 1.5 ಮೆಗಾಬಿಟ್ಟಿನ ಕೀಬೋರ್ಡ್, ಮೌಸಿನಂಥ ನಿಧಾನಿ. ‘ಡಿ ಪ್ಲಸ್’ ಎದ್ದರೆ 12 ಮೆಗಾಬಿಟ್ಟಿನ ಚುರುಕಿನವ.

ಆಮೇಲೆ ನಡೆಯುವುದು ನಮ್ಮ ಹಳ್ಳಿಯ ಜಗಲಿಯ ಮೇಲೆ ನಡೆಯುವ ಮಾತುಕತೆಯೇ. ಅಪರಿಚಿತ ಬಂದರೆ ಯಜಮಾನ ಮೊದಲು ಕೈಕಾಲು ತೊಳೆದುಕೊಳ್ಳಲು ನೀರು ಕೊಡುತ್ತಾನೆ. ಇಲ್ಲಿ ಅದರ ಹೆಸರು ‘ರೀಸೆಟ್’. ಬಂದ ಹೊಸಬರೆಲ್ಲರ ವಿಳಾಸ ಸೊನ್ನೆ. ಆ ಸೊನ್ನೆಯನ್ನು ಕರೆದು ಕಂಪ್ಯೂಟರ್ ಕೇಳುತ್ತದೆ: ಯಾರಪ್ಪಾ ನೀನು? ಸಾಧನ ತನ್ನ 18 ಬೈಟಿನ ಗುರುತಿನ ಚೀಟಿಯನ್ನು ತೋರಿಸಬೇಕು. ಮನೆತನದ ಜಾಗದಲ್ಲಿ ತಯಾರಕರ ಸಂಖ್ಯೆ, ಹೆಸರಿನ ಜಾಗದಲ್ಲಿ ಉತ್ಪನ್ನದ ಸಂಖ್ಯೆ ಅದರಲ್ಲಿರುತ್ತವೆ. ಕಂಪ್ಯೂಟರ್ ಅದಕ್ಕೆ 1ರಿಂದ 127ರೊಳಗಿನ ಒಂದು ವಿಳಾಸ ಕೊಡುತ್ತದೆ. ಒಂದು ಮನೆಯಲ್ಲಿ ಗರಿಷ್ಠ 127 ನೆಂಟರು ಎಂಬ ಮಿತಿ ಬಂದದ್ದು ವಿಳಾಸಕ್ಕೆ ಏಳೇ ಬಿಟ್ ಮೀಸಲಿಟ್ಟದ್ದರಿಂದ. ಕೊನೆಗೆ ಏನು ಕಸುಬು, ಎಷ್ಟು ಉಣ್ಣುತ್ತೀಯ ಎಂಬ ವಿಚಾರಣೆ. ಮುಗಿದರೆ ‘ಟಿಣ್‌ಟುಣ್’.

‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎಂಬ ಕುಖ್ಯಾತ ಸಾಲಿನ ಅರ್ಥ ಈಗ ಬಿಡಿಸಿಕೊಳ್ಳಬಹುದು. ಯಾರೋ ಕೈ ಎತ್ತಿದ್ದಾರೆ, ಆದರೆ ಹೆಸರು ಕೇಳಿದರೆ ತೊದಲುತ್ತಿದ್ದಾರೆ. ವಿಂಡೋಸಿನ ಡಿವೈಸ್ ಮ್ಯಾನೇಜರ್ ಇದನ್ನೇ ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಎಂದೂ ‘ಕೋಡ್ 43’ ಎಂದೂ ಬರೆಯುತ್ತದೆ. ಮಾತು ಶುರುವಾಗಿದೆ, ಪೂರ್ತಿಯಾಗಿಲ್ಲ.

ನನ್ನ ಲ್ಯಾಪ್‌ಟಾಪ್ ಆ ಸಾಲನ್ನೂ ಬರೆದಿರಲಿಲ್ಲ. ಅಂದರೆ ಕೈ ಎತ್ತಿದ್ದೇ ಅದಕ್ಕೆ ಕಂಡಿರಲಿಲ್ಲ. ಅನ್ನದ ತಂತಿ ಸರಿಯಿದೆ, ಮಾತಿನ ತಂತಿಯಲ್ಲಿ ಏನೋ ಆಗಿದೆ. ಅನುಮಾನ ಡಿಸ್ಕಿನಿಂದ ಜಾರಿ ಕೇಬಲಿನ ಮೇಲೆ ಬಿತ್ತು.

ಷಿಕಾಗೋದಲ್ಲಿ ನೀಲಿಯಾದ ತೆರೆ

ಇಷ್ಟು ಅಚ್ಚುಕಟ್ಟಾದ ಸಂಭಾಷಣೆಯನ್ನು ಬರೆದಿಟ್ಟರೂ ಆಡುವವರು ಬೇಕಲ್ಲ? ಮೊದಲೆರಡು ವರ್ಷ ಯುಎಸ್‌ಬಿ ತೂತುಗಳಿದ್ದ ಪಿಸಿಗಳಲ್ಲಿ ಅದಕ್ಕೆ ಸಿಕ್ಕಿಸುವ ವಸ್ತುವೇ ವಿರಳ. 1998ರ ಏಪ್ರಿಲ್ 20ರಂದು ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ, ಇನ್ನೂ ಬಿಡುಗಡೆಯಾಗದ ವಿಂಡೋಸ್ 98ರ ಹೆಚ್ಚುಗಾರಿಕೆ ತೋರಿಸಲು ಬಿಲ್ ಗೇಟ್ಸರ ಪಕ್ಕದಲ್ಲೇ ಅವರ ಸಹೋದ್ಯೋಗಿ ಕ್ರಿಸ್ ಕ್ಯಾಪೊಸೆಲಾ ಒಂದು ಸ್ಕ್ಯಾನರನ್ನು ಯುಎಸ್‌ಬಿಗೆ ಸಿಕ್ಕಿಸಿದರು. ತುಂಬಿದ ಸಭೆಯ ಎದುರು ಇಡೀ ತೆರೆ ನೀಲಿಯಾಗಿ ಯಂತ್ರ ಕುಸಿಯಿತು. ಬಹುಶಃ ಇದಕ್ಕೇ ನಾವು ಇದನ್ನಿನ್ನೂ ಮಾರುಕಟ್ಟೆಗೆ ಬಿಟ್ಟಿಲ್ಲ ಎಂದು ಗೇಟ್ಸ್ ನಗೆಚಟಾಕಿ ಹಾರಿಸಿ ಮಾನ ಉಳಿಸಿಕೊಂಡರು. ಸಿಕ್ಕಿಸಿದ ಸಾಧನ ಕೈಕೊಟ್ಟಾಗ ಮುಜುಗರಪಡುವವರು ನಾವೊಬ್ಬರೇ ಅಲ್ಲ ಎಂಬ ಸಮಾಧಾನಕ್ಕೆ ಈ ಪ್ರಸಂಗ ಸಾಕು.

ನಿಜವಾದ ತಿರುವು ಅದೇ ವರ್ಷದ ಆಗಸ್ಟಿನಲ್ಲಿ ಬಂತು. ಆಪಲ್ ತನ್ನ ಐಮ್ಯಾಕಿನಿಂದ ಫ್ಲಾಪಿಯನ್ನೂ ಹಳೆಯ ಕೀಬೋರ್ಡ್ ಪೋರ್ಟನ್ನೂ ಸೀರಿಯಲ್ ಪೋರ್ಟನ್ನೂ ಕಿತ್ತುಹಾಕಿ ಯುಎಸ್‌ಬಿಯನ್ನು ನೆಚ್ಚಿಕೊಂಡಿತು. ಏಳು ಕಂಪನಿಗಳ ಪಟ್ಟಿಯಲ್ಲಿ ಇರದಿದ್ದವರೇ ಯುಎಸ್‌ಬಿಗೆ ಮೆರವಣಿಗೆ ಮಾಡಿಸಿದರು. ಬೇರೆ ದಾರಿಯಿಲ್ಲದೆ ಪ್ರಿಂಟರ್, ಕೀಬೋರ್ಡ್ ಮಾಡುವವರೆಲ್ಲ ಅತ್ತ ಹೊರಳಿದರು. 2000ದ ಏಪ್ರಿಲಿನಲ್ಲಿ ಸೆಕೆಂಡಿಗೆ 480 ಮೆಗಾಬಿಟ್ ವೇಗದ ಯುಎಸ್‌ಬಿ 2.0 ಬಂತು. ಅದೇ ವರ್ಷ ಪೆನ್‌ಡ್ರೈವುಗಳು ಮಾರಾಟಕ್ಕೆ ಬಂದವು.

ಇಲ್ಲದ ದಿನಾಂಕದ ನಿಯಮ

ಡಿಸ್ಕುಗಳಿಗೆ ಇನ್ನೊಂದು ಒಪ್ಪಂದ ಬೇಕಿತ್ತು. ಪ್ರತಿ ಕಂಪನಿಯ ಡಿಸ್ಕಿಗೂ ಒಂದೊಂದು ಡ್ರೈವರ್ ತಂತ್ರಾಂಶ ಹಾಕಿಕೊಳ್ಳುವ ಹಾಗಿದ್ದರೆ ಮತ್ತೆ ಹಳೆಯ ಕತೆಯೇ. ಅದಕ್ಕೇ ‘ಮಾಸ್ ಸ್ಟೋರೇಜ್’ ಎಂಬ ಒಂದು ಜಾತಿಯನ್ನೇ ಮಾಡಿದರು. ಈ ಜಾತಿಯವರೆಲ್ಲ ಒಂದೇ ಭಾಷೆ ಆಡಬೇಕು. ಆ ಭಾಷೆಯನ್ನು ಹೊಸದಾಗಿ ಹುಟ್ಟಿಸಲಿಲ್ಲ. ದೊಡ್ಡ ಯಂತ್ರಗಳ ಡಿಸ್ಕುಗಳು 1980ರ ದಶಕದಿಂದ ಆಡುತ್ತಿದ್ದ ‘ಸ್ಕಸಿ’ ಆದೇಶಗಳನ್ನೇ 31 ಬೈಟಿನ ಲಕೋಟೆಯಲ್ಲಿಟ್ಟು ಯುಎಸ್‌ಬಿ ತಂತಿಯಲ್ಲಿ ಕಳಿಸಿದರು. ಈ ನಿಯಮ ಪುಸ್ತಕದ ಮುಖಪುಟದಲ್ಲಿ ಒಂದು ತಮಾಷೆಯಿದೆ. ಅದರ ಮೇಲಿನ ದಿನಾಂಕ 1999ರ ಸೆಪ್ಟೆಂಬರ್ 31! ಪಂಚಾಂಗದಲ್ಲೇ ಇಲ್ಲದ ದಿನ ಹುಟ್ಟಿದ ನಿಯಮವನ್ನು ನಂಬಿ ಜಗತ್ತಿನ ಪೆನ್‌ಡ್ರೈವುಗಳು ನಡೆದುಕೊಂಡು ಬಂದಿವೆ.

ಇಲ್ಲಿಯ ತನಕ ನಡೆದದ್ದು ಡಿಸ್ಕ್ ಎಂಬ ಪೆಟ್ಟಿಗೆಯ ಪರಿಚಯ. ಪೆಟ್ಟಿಗೆಯೊಳಗಿನ ಕಡತಗಳ ಬಗ್ಗೆ ಯುಎಸ್‌ಬಿಗೆ ಏನೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹಲವರು ಎಡವುವುದು ಇಲ್ಲೇ. ‘ಟಿಣ್‌ಟುಣ್’ ಕೇಳಿದೆ, ಆದರೆ ಡ್ರೈವ್ ಕಾಣುತ್ತಿಲ್ಲ ಎಂದರೆ ಯುಎಸ್‌ಬಿ ತನ್ನ ಕೆಲಸ ಮುಗಿಸಿದೆ. ದೋಷ ಮುಂದಿನ ಬಾಗಿಲಲ್ಲಿದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಬೇಕು. ಡಿಸ್ಕ್ ಕಾಣುತ್ತಿದ್ದು ಅದಕ್ಕೆ ಡ್ರೈವ್ ಅಕ್ಷರ ಇಲ್ಲದಿದ್ದರೆ ಒಂದು ಅಕ್ಷರ ಕೊಟ್ಟರೆ ಸಾಕು. ಮ್ಯಾಕಿನಲ್ಲೋ ಲಿನಕ್ಸಿನಲ್ಲೋ ಫಾರ್ಮ್ಯಾಟ್ ಆದ ಡಿಸ್ಕಾದರೆ ವಿಂಡೋಸಿಗೆ ಅದರ ಲಿಪಿ ಓದಲು ಬಾರದಿರಬಹುದು, ಅಷ್ಟೇ. ‘ಫಾರ್ಮ್ಯಾಟ್ ಮಾಡಲೇ?’ ಎಂದೋ ‘ಇನಿಷಿಯಲೈಸ್ ಮಾಡಲೇ?’ ಎಂದೋ ಯಂತ್ರ ಕೇಳಿದರೆ, ಒಳಗೆ ಬೇಕಾದ್ದು ಇದ್ದವರು ಬೇಡ ಎನ್ನಬೇಕು. ಓದಲು ಬಾರದ ಪುಸ್ತಕವನ್ನು ಹರಿದು ಖಾಲಿ ಹಾಳೆ ಹಾಕಿಕೊಡಲೇ ಎಂದು ಕೇಳುವ ವಿನಯ ಅದು.

ಅರ್ಧ ಸಾಕೆಟ್ಟಿನ ಗುಟ್ಟು

ಮತ್ತೆ ನನ್ನ ಮೇಜಿಗೆ ಬರೋಣ. ಪೋರ್ಟ್ ಬದಲಿಸಿದೆ, ಅದೇ ಮೌನ. ಅದೇ ಪೋರ್ಟಿಗೆ ಪೆನ್‌ಡ್ರೈವ್ ಹಾಕಿದೆ, ‘ಟಿಣ್‌ಟುಣ್’. ಪೋರ್ಟ್ ನಿರ್ದೋಷಿ. ಡಿಸ್ಕನ್ನು ನೆರೆಮನೆಯ ಲ್ಯಾಪ್‌ಟಾಪಿಗೆ ಹಾಕಿದೆ, ಅಲ್ಲೂ ಮೌನ. ನನ್ನ ಲ್ಯಾಪ್‌ಟಾಪೂ ನಿರ್ದೋಷಿ. ಉಳಿದವರು ಇಬ್ಬರೇ, ಡಿಸ್ಕ್ ಮತ್ತು ಕೇಬಲ್.

ಕೇಬಲ್ ಬದಲಿಸೋಣವೆಂದರೆ ಅಂಥದ್ದು ಮನೆಯಲ್ಲಿ ಇನ್ನೊಂದಿಲ್ಲ. ಯುಎಸ್‌ಬಿ 3.0 ಕಾಲದ ಡಿಸ್ಕುಗಳ ಆ ಅಗಲ ಮೂತಿ, ಎರಡು ಗೂಡು ಪಕ್ಕಪಕ್ಕ ಇಟ್ಟಂತಿರುವ ಸಾಕೆಟ್ ನೀವೂ ನೋಡಿರುತ್ತೀರಿ. ಯಾಕೆ ಹಾಗಿದೆ ಎಂದು ಓದುತ್ತಿದ್ದಾಗ ಗುಟ್ಟು ಸಿಕ್ಕಿತು. ವೇಗ ಹೆಚ್ಚಿಸಲು ಎಂಜಿನಿಯರುಗಳು ಹಳೆಯ ತಂತಿಗಳನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಜೋಡಿಗಳನ್ನು ಸೇರಿಸಿದ್ದರು. ಹಳಬರನ್ನು ಮನೆಯಿಂದ ಹೊರಹಾಕಬಾರದೆಂಬ ಆಣೆಯನ್ನು ಅವರು ಬಿಟ್ಟಿರಲಿಲ್ಲ. ಹಾಗಾಗಿ ಆ ಜೋಡಿಗೂಡಿನ ದೊಡ್ಡ ಅರ್ಧ ಹಳೆಯ ಮೊಬೈಲಿನ ಮೈಕ್ರೋ ಯುಎಸ್‌ಬಿ ಸಾಕೆಟ್ಟೇ! ಮೊಬೈಲಿನ ಮಾಮೂಲಿ ಡೇಟಾ ಕೇಬಲ್ ಅಲ್ಲಿ ಕೂರುತ್ತದೆ, 2.0 ವೇಗದಲ್ಲಿ ಕೆಲಸ ಮಾಡುತ್ತದೆ.

ಡ್ರಾಯರಿನಲ್ಲಿ ಅಂಥ ಎರಡು ಕೇಬಲುಗಳಿದ್ದವು. ಮೊದಲನೆಯದನ್ನು ಸಿಕ್ಕಿಸಿದೆ. ದೀಪ ಉರಿಯಿತು, ಮೌನ ಮುರಿಯಲಿಲ್ಲ. ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು, ಅದು ಯಾವುದೋ ಪವರ್ ಬ್ಯಾಂಕಿನ ಜೊತೆ ಬಂದದ್ದು. ಚಾರ್ಜಿಗೆಂದೇ ಮಾಡಿದ ಅಗ್ಗದ ಕೇಬಲುಗಳಲ್ಲಿ ಮಾಹಿತಿಯ ಎರಡು ತಂತಿಗಳೇ ಇರುವುದಿಲ್ಲ. ಎರಡನೆಯದು ಹಳೆಯ ಮೊಬೈಲಿನದು, ಅದರಲ್ಲಿ ಫೋಟೋ ಇಳಿಸಿಕೊಳ್ಳುತ್ತಿದ್ದ ನೆನಪಿತ್ತು. ಸಿಕ್ಕಿಸಿದೆ.

‘ಟಿಣ್‌ಟುಣ್.’

ಡಿಸ್ಕಿಗೆ ಏನೂ ಆಗಿರಲಿಲ್ಲ. ಚೀಲದಲ್ಲಿ ಮಡಚಿ ಮಡಚಿ ಅದರ ಕೇಬಲಿನ ಕುತ್ತಿಗೆಯೊಳಗೆ ಮಾತಿನ ತಂತಿಗಳು ಸತ್ತಿದ್ದವು, ಅನ್ನದ ತಂತಿಗಳು ಬದುಕಿದ್ದವು. 300 ಜಿಬಿ ನಕಲಾಗಲು ಹೆಚ್ಚುಕಡಿಮೆ ಮೂರು ತಾಸು ಹಿಡಿಯಿತು. ಕಾಯುತ್ತ ಒಂದು ಪ್ರಸಂಗ ಹಾಕಿದೆ, ಅಪ್ಪನ ಸ್ವರ ಮನೆಯನ್ನು ತುಂಬಿತು.

ಬಾಗಿಲು ಬಾಗಿಲಾಗಿ ಹುಡುಕಿ

2013ರಲ್ಲಿ ಅಜಯ್ ಭಟ್ ಅವರಿಗೆ ಯುಎಸ್‌ಬಿಗಾಗಿ ಯುರೋಪಿಯನ್ ಇನ್ವೆಂಟರ್ ಪ್ರಶಸ್ತಿ ಬಂತು. ತಿರುಗಿಸಿ ಮುರುಗಿಸಿ ಮೂರನೆಯ ಸಲಕ್ಕೆ ಕೂರುವ ಪ್ಲಗ್ಗಿನ ಬಗ್ಗೆ ಅವರನ್ನು ಜನ ಕೇಳುತ್ತಲೇ ಇರುತ್ತಾರೆ. ಎರಡೂ ಬದಿ ಕೂರುವಂತೆ ಮಾಡಬೇಕಿದ್ದರೆ ತಂತಿಯೂ ಸರ್ಕಿಟ್ಟೂ ಇಮ್ಮಡಿಯಾಗಿ ಬೆಲೆ ಏರುತ್ತಿತ್ತು ಎಂಬುದು ಅವರ ಉತ್ತರ. ಎತ್ತ ತಿರುಗಿಸಿದರೂ ಕೂರುವ ಟೈಪ್-ಸಿಯ ನಿಯಮಾವಳಿ ಬಂದದ್ದು 2014ರಲ್ಲಿ.

ನಿಮ್ಮ ಡಿಸ್ಕ್ ನಾಳೆ ಮೌನ ಹಿಡಿದರೆ ಅದು ಸತ್ತಿತು ಎಂದು ಅಳುವ ಮೊದಲು ಮಾತು ಯಾವ ಬಾಗಿಲಲ್ಲಿ ನಿಂತಿದೆ ನೋಡಿ. ದೀಪವೇ ಇಲ್ಲವೇ, ಅಥವಾ ಮಿಣುಕುತ್ತಿದೆಯೇ? ವಿದ್ಯುತ್ತನ್ನು ನೋಡಿ. ದೀಪ ಇದ್ದು ಪೂರ್ತಿ ಮೌನವೇ? ಕೇಬಲ್ ಬದಲಿಸಿ. ತೊದಲುತ್ತಿದೆಯೇ? ಕೇಬಲ್, ಪೋರ್ಟ್ ಎರಡನ್ನೂ ಬದಲಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ನಮೂದನ್ನು ಅಳಿಸಿ, ಯಂತ್ರವನ್ನು ‘ರೀಸ್ಟಾರ್ಟ್’ ಮಾಡಿ. ಈಗಿನ ವಿಂಡೋಸಿನಲ್ಲಿ ‘ಷಟ್‌ಡೌನ್’ ಅನೇಕ ಸಲ ಅರೆನಿದ್ದೆ ಮಾತ್ರ. ಹೆಸರು ಹೇಳಿಯೂ ಡ್ರೈವ್ ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್. ಒಳಗಿನಿಂದ ಟಕ್ ಟಕ್ ಎಂದು ಬಡಿಯುವ ಸದ್ದು ಬಂದರೆ ಮಾತ್ರ ಯಾವ ಪ್ರಯೋಗವೂ ಬೇಡ. ಕೂಡಲೇ ಕಿತ್ತು ಡೇಟಾ ತೆಗೆಯುವ ತಜ್ಞರ ಕೈಗೆ ಕೊಡಿ.

ಅಪ್ಪನ ತಾಳಮದ್ದಲೆಗಳು ಈಗ ಮೂರು ಕಡೆ ಇವೆ, ಒಂದು ಪ್ರತಿ ತಂಗಿಯ ಮನೆಯಲ್ಲಿದೆ. ಡಿಸ್ಕಿನ ಆ ಕೆಟ್ಟ ಕೇಬಲನ್ನು ಡ್ರಾಯರಿಗೆ ಹಾಕಲಿಲ್ಲ. ಕತ್ತರಿಯಿಂದ ಎರಡು ತುಂಡು ಮಾಡಿದೆ. ನೀವೂ ಹಾಗೇ ಮಾಡಿ, ಇಲ್ಲದಿದ್ದರೆ ಮುಂದಿನ ಸಲ ಅವಸರದಲ್ಲಿ ಕೈಗೆ ಸಿಗುವುದು ಅದೇ.